ಹಾಡೆನ್ನದ ಹಾಡು: ಉರ್ದು ಮರ್ಸಿಯಾ ಮತ್ತು ಕರ್ಬಲಾದ ಶೋಕ

ನಾನು ಬೆಳೆದದ್ದು ರಾಯಚೂರು ಸೀಮೆಯ ಒಂದು ಹಳ್ಳಿಯಲ್ಲಿ. ಮೊಹರಂ ಒಂಬತ್ತು ಮುಗಿದು ಹತ್ತಕ್ಕೆ ಹೊರಳುವ ರಾತ್ರಿಯನ್ನು ನಮ್ಮೂರಿನವರು ‘ಕತ್ತಲ ರಾತ್ರಿ’ ಎನ್ನುತ್ತಿದ್ದರು. ಆ ಹೊತ್ತಿಗೆ ಅಲಾವಿ ಕುಣಿಯಲ್ಲಿ ದೊಡ್ಡ ದೊಡ್ಡ ಕೊರಡುಗಳು ಹೊತ್ತಿ ಉರಿಯುತ್ತಿದ್ದವು, ಸುತ್ತ ಹೆಜ್ಜೆ ಹಾಕುವವರ ಮುಖಗಳೆಲ್ಲ ಕೆಂಪಗೆ ಬೆಳಗುತ್ತಿದ್ದವು. ಇಡೀ ವರ್ಷದಲ್ಲಿ ಊರು ಇಷ್ಟು ಬೆಳಕಾಗಿರುವ ರಾತ್ರಿ ಇನ್ನೊಂದಿಲ್ಲದಿರುವಾಗ ಇದಕ್ಕೆ ಕತ್ತಲ ರಾತ್ರಿ ಎಂದು ಏಕೆ ಹೆಸರಿಟ್ಟರು ಎಂಬುದು ಬಾಲ್ಯದಲ್ಲಿ ನನಗೆ ಬಗೆಹರಿಯದ ಪ್ರಶ್ನೆಯಾಗಿತ್ತು. ಬಹಳ ವರ್ಷಗಳ ಮೇಲೆ, ಉರ್ದು ಓದಲು ಕಲಿತಾಗ, ಆ ಮಾತು ‘ಕತ್ಲ್ ಕೀ ರಾತ್’, ಅಂದರೆ ಕೊಲೆಯ ರಾತ್ರಿ ಎಂದು ತಿಳಿಯಿತು. ಕನ್ನಡದ ಕಿವಿ ಅರಬ್ಬೀ ಮೂಲದ ಆ ಪದವನ್ನು ಕೇಳಿ, ಅದರೊಳಗೆ ತನ್ನದೇ ಪದವೊಂದನ್ನು ಕಂಡುಕೊಂಡಿತ್ತು. ಇದನ್ನು ತಪ್ಪು ಕೇಳಿಕೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ದೂರದ ಮರುಭೂಮಿಯಲ್ಲಿ ನಡೆದ ಸಾವೊಂದನ್ನು ಜನ ತಮ್ಮ ಮನೆಯ ಮಾತಿನಲ್ಲಿ ಅತ್ತ ಬಗೆ ಇದು. ಇಂದು ನಾನು ಮಾತನಾಡಬೇಕೆಂದಿರುವ ಉರ್ದು ಮರ್ಸಿಯಾ, ಅಂದರೆ ಕರ್ಬಲಾದಲ್ಲಿ ಮಡಿದವರಿಗಾಗಿ ಕಟ್ಟಿದ ಶೋಕಕಾವ್ಯ, ಮಾಡಿದ ಕೆಲಸವೂ ಇದೇ, ಆದರೆ ಅದು ಬಹಳ ಎಚ್ಚರದಿಂದ, ಬಹಳ ದೊಡ್ಡ ಕಸುಬುದಾರಿಕೆಯಿಂದ ಆ ಕೆಲಸವನ್ನು ಮಾಡಿತು.

ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುವುದರಿಂದ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಪ್ರವಾದಿ ಮುಹಮ್ಮದರ ಮಗಳು ಫಾತಿಮಾ ಮತ್ತು ಅಲಿಯವರ ಮಗ ಇಮಾಂ ಹುಸೇನ್ ಅವರು ಯಜೀದನ ಆಳ್ವಿಕೆಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪಲಿಲ್ಲ. ಕೂಫಾ ನಗರದವರ ಕರೆಯ ಮೇರೆಗೆ ಕುಟುಂಬದೊಂದಿಗೆ ಹೊರಟವರನ್ನು ಈಗಿನ ಇರಾಕಿನ ಕರ್ಬಲಾದಲ್ಲಿ ಯಜೀದನ ಸೈನ್ಯ ತಡೆಯಿತು. ಮೊಹರಂ ಏಳರಿಂದ ಯೂಫ್ರೆಟಿಸ್ ನದಿಯ ನೀರನ್ನು ಮುಟ್ಟಗೊಡಲಿಲ್ಲ. ಹಿಜರಿ 61ರ ಮೊಹರಂ ಹತ್ತರಂದು, ಅಂದರೆ ಕ್ರಿ.ಶ. 680ರ ಅಕ್ಟೋಬರ್ 10ರಂದು, ಹುಸೇನರೂ ಅವರ ಕಡೆಯವರೂ ಒಬ್ಬೊಬ್ಬರಾಗಿ ಹತರಾದರು. ಸಂಪ್ರದಾಯ ಅವರ ಸಂಖ್ಯೆಯನ್ನು 72 ಎನ್ನುತ್ತದೆ. ಅವರಲ್ಲಿ ಆರು ತಿಂಗಳ ಕೂಸು ಅಲಿ ಅಸ್ಗರ್ ಇದ್ದ, ಮಕ್ಕಳಿಗೆ ನೀರು ತರಲು ತೊಗಲಿನ ಚೀಲ ಹೊತ್ತು ಹೋಗಿ ಎರಡೂ ತೋಳು ಕಡಿಸಿಕೊಂಡ ತಮ್ಮ ಅಬ್ಬಾಸ್ ಇದ್ದರು. ಉಳಿದ ಹೆಂಗಸರನ್ನೂ ಮಕ್ಕಳನ್ನೂ ಸೆರೆಹಿಡಿದು ಡಮಾಸ್ಕಸ್ಸಿನವರೆಗೆ ನಡೆಸಿದರು. ಹುಸೇನರ ತಂಗಿ ಝೈನಬ್ ಯಜೀದನ ದರ್ಬಾರಿನಲ್ಲಿ ನಿಂತು ಮಾತನಾಡಿದಳು. ಶಿಯಾ ಸಂಪ್ರದಾಯದಲ್ಲಿ ಮೊತ್ತಮೊದಲ ಶೋಕಸಭೆಗಳನ್ನು ನಡೆಸಿದವಳೂ ಅವಳೇ ಎಂದು ನಂಬುತ್ತಾರೆ. ಈ ಕಾವ್ಯದ ಕೇಂದ್ರದಲ್ಲಿ ಸತ್ತ ವೀರನಿದ್ದಾನೆಂದು ನಾವು ಭಾವಿಸುತ್ತೇವೆ, ಆದರೆ ಅದರ ದನಿ ಬದುಕುಳಿದ ತಂಗಿಯದು.

ಈಗ ಒಂದು ಮಜ್ಲಿಸ್, ಅಂದರೆ ಶೋಕಸಭೆ, ಹೇಗೆ ಆರಂಭವಾಗುತ್ತದೆ ಎಂಬುದನ್ನು ನೋಡೋಣ. ನೆಲದ ಮೇಲೆ ಬಿಳಿಯ ಜಮಖಾನ, ಗೋಡೆಗಳಿಗೆ ಕಪ್ಪು ಬಟ್ಟೆ, ಒಂದು ಬದಿಯಲ್ಲಿ ‘ಅಲಂ’ ಎಂಬ ಧ್ವಜಗಳು. ಅಬ್ಬಾಸರ ಅಲಮಿಗೆ ಪುಟ್ಟದೊಂದು ನೀರಿನ ಚೀಲವನ್ನು ಕಟ್ಟಿರುತ್ತಾರೆ. ಮಿಂಬರಿನ, ಅಂದರೆ ಸಭೆಯನ್ನು ಉದ್ದೇಶಿಸಿ ಮಾತನಾಡುವ ಮೆಟ್ಟಿಲುಪೀಠದ, ಹತ್ತಿರ ಮೂರು ನಾಲ್ಕು ಜನ ಒತ್ತಾಗಿ ಕುಳಿತು ‘ಸೋಜ್’ ಆರಂಭಿಸುತ್ತಾರೆ. ಸೋಜ್ ಎಂದರೆ ಉರಿ, ಒಳಗಿನ ಬೇಗೆ. ನಡುವೆ ಕುಳಿತವರು ಪದ್ಯವನ್ನು ರಾಗದಲ್ಲಿ ಎತ್ತುತ್ತಾರೆ. ಎರಡೂ ಬದಿಯವರಿಗೆ ‘ಬಾಜೂ’, ಅಂದರೆ ತೋಳುಗಳು, ಎಂಬ ಹೆಸರು. ಅವರು ಕೆಳದನಿಯಲ್ಲಿ ಒಂದೇ ಸ್ವರವನ್ನು ಹಿಡಿದು ನಿಲ್ಲಿಸಿರುತ್ತಾರೆ. ತಂಬೂರಿ ಇಲ್ಲ, ತಬಲಾ ಇಲ್ಲ, ಯಾವ ವಾದ್ಯವೂ ಇಲ್ಲ. ಮನುಷ್ಯರ ಕೊರಳೇ ಶ್ರುತಿ. ರಾಗಜ್ಞಾನವಿರುವ ಯಾರೇ ಆದರೂ ಇದನ್ನು ಕೇಳಿದ ಕ್ಷಣ ಇದು ಹಿಂದೂಸ್ತಾನಿ ಸಂಗೀತವೆಂದು ಗುರುತಿಸುತ್ತಾರೆ. ಆದರೆ ಸೋಜ್‌ಖಾನರ ಮುಂದೆ ‘ಬಹಳ ಚೆನ್ನಾಗಿ ಹಾಡಿದಿರಿ’ ಎಂದರೆ ಅವರು ಮೆಲ್ಲಗೆ ತಿದ್ದುತ್ತಾರೆ. ಅವರು ಹಾಡುವುದಿಲ್ಲ, ಓದುತ್ತಾರೆ. ಉರ್ದುವಿನಲ್ಲಿ ಸೋಜ್, ಸಲಾಮ್, ಮರ್ಸಿಯಾ, ನೌಹಾ ಎಲ್ಲಕ್ಕೂ ‘ಪಢ್ನಾ’ ಎಂಬ ಕ್ರಿಯಾಪದವೇ ಹೊರತು ‘ಗಾನಾ’ ಎಂಬುದು ಎಂದಿಗೂ ಇಲ್ಲ.

ಕನ್ನಡಿಗರಾದ ನಮಗೆ ಈ ಭೇದ ಹೊಸದಾಗಿ ಕಾಣಬೇಕಿಲ್ಲ. ನಮ್ಮ ಗಮಕಿಗಳು ಭಾರತವನ್ನು ವಾಚನ ಮಾಡುತ್ತಾರೆ. ರಾಗವುಂಟು, ತಾಳವಿಲ್ಲ, ಪದ್ಯದ ಅರ್ಥವನ್ನು ಮೀರಿ ಸ್ವರ ಓಡಬಾರದೆಂಬ ಕಟ್ಟುಪಾಡುಂಟು. ಎರಡರ ಕಾರಣಗಳು ಒಂದೇ ಅಲ್ಲ. ಸಂಗೀತದ ಬಗೆಗಿನ ಧಾರ್ಮಿಕ ಸಂಕೋಚ ಸೋಜ್‌ನ ಹಿಂದಿದೆ, ಗಮಕಕ್ಕೆ ಅಂಥ ಸಂಕೋಚವಿಲ್ಲ. ಆದರೂ ಫಲ ಒಂದೇ ಬಗೆಯದು: ಕೇಳುವವನು ದನಿಗೆ ಮರುಳಾಗಿ ಮಾತನ್ನು ಕಳೆದುಕೊಳ್ಳುವಂತಿಲ್ಲ. ಬಿಸ್ಮಿಲ್ಲಾ ಖಾನರ ಬದುಕಿನಲ್ಲಿ ಈ ಭೇದ ಇನ್ನೂ ಸೂಕ್ಷ್ಮವಾಗಿ ಕಾಣುತ್ತದೆ. ಶಿಯಾ ಮನೆತನದ ಖಾನ್ ಸಾಹೇಬರು ಮೊಹರಂನ ದಿನಗಳಲ್ಲಿ ಕಚೇರಿಗಳನ್ನು ನಿಲ್ಲಿಸಿಬಿಡುತ್ತಿದ್ದರು. ಎಂಟನೆಯ ದಿನ ಮಾತ್ರ ಕಾಶಿಯ ದಾಲ್‌ಮಂಡಿಯಿಂದ ಫಾತಮಾನ್‌ವರೆಗೆ ನಡೆಯುತ್ತ, ಕಣ್ಣೀರು ಸುರಿಸುತ್ತ, ಶಹನಾಯಿಯಲ್ಲಿ ನೌಹಾ, ಅಂದರೆ ಶೋಕಗೀತೆ, ನುಡಿಸುತ್ತಿದ್ದರು. ಅಂದು ಯಾವ ರಾಗವನ್ನೂ ನುಡಿಸುತ್ತಿರಲಿಲ್ಲ. ಮದುವೆಯ ಮನೆಯ ಮಂಗಳವಾದ್ಯ, ವರ್ಷಕ್ಕೊಮ್ಮೆ ಅದೇ ಉಸಿರಿನಿಂದ, ಸತ್ತವರ ಹಿಂದೆ ನಡೆಯುವ ದನಿಯಾಗುತ್ತಿತ್ತು.

ಇನ್ನು ಚರಿತ್ರೆಗೆ ಬರೋಣ. ಮರ್ಸಿಯಾ ಎಂದೊಡನೆ ಲಖನೌ ನೆನಪಾಗುತ್ತದೆ. ಅದು ನ್ಯಾಯವೇ, ಆದರೆ ಉರ್ದು ಕುಲದ ಭಾಷೆಯಲ್ಲಿ ಕರ್ಬಲಾದ ಕಾವ್ಯ ಮೊದಲು ಬೆಳೆದದ್ದು ನಮ್ಮ ದಖ್ಖನಿನಲ್ಲಿ. ಅಶ್ರಫ್ ಬಯಾಬಾನಿಯ ‘ನೌಸರ್‌ಹಾರ್’ ಎಂಬ ದಖನಿ ಕಾವ್ಯ 1503ರದು. ಹೈದರಾಬಾದನ್ನು ಕಟ್ಟಿದ ಮುಹಮ್ಮದ್ ಕುಲಿ ಕುತುಬ್ ಶಾಹ ಸ್ವತಃ ಮರ್ಸಿಯಾ ಬರೆದ, ಚಾರ್‌ಮಿನಾರ್ ಎದ್ದ ಕೆಲವೇ ವರ್ಷಗಳಲ್ಲಿ ಮೊಹರಂನ ಶೋಕಕ್ಕೆಂದೇ ಬಾದಶಾಹಿ ಆಶೂರಖಾನಾವನ್ನು ಕಟ್ಟಿಸಿದ. ನಮ್ಮ ವಿಜಯಪುರದಲ್ಲಿ 1656ರಿಂದ 1672ರವರೆಗೆ ಆಳಿದ ಎರಡನೆಯ ಅಲಿ ಆದಿಲ್ ಶಾಹನಿಗೆ ‘ಶಾಹಿ’ ಎಂಬ ಕಾವ್ಯನಾಮವಿತ್ತು, ಅವನೂ ಮರ್ಸಿಯಾಗಳನ್ನು ರಚಿಸಿದ್ದಾನೆ. ಪ್ರವಾಸ ಹೋದಾಗ ನೀವು ನೋಡುವ, ಮುಗಿಯದೆ ನಿಂತ ಕಮಾನುಗಳ ಬಾರಾ ಕಮಾನ್ ಅವನದೇ ಸಮಾಧಿ. ಅದೇ ನಗರದಲ್ಲಿದ್ದ ಮಿರ್ಜಾ ಎಂಬ ಕವಿ ಮರ್ಸಿಯಾ ಬಿಟ್ಟು ಬೇರೇನನ್ನೂ ಬರೆಯಲಿಲ್ಲವೆಂದು ಹೆಸರಾದವನು. ಈ ದಖನಿ ಮರ್ಸಿಯಾಗಳು ಬಹುಮಟ್ಟಿಗೆ ಚಿಕ್ಕವು, ಗುಂಪಿನಲ್ಲಿ ದನಿಗೂಡಿಸಲು ಅನುಕೂಲವಾದವು, ಅಳುವನ್ನು ನೇರವಾಗಿ ಅಳುವಂಥವು. 1686ರಲ್ಲಿ ವಿಜಯಪುರವೂ ಮರುವರ್ಷ ಗೋಲ್ಕೊಂಡವೂ ಔರಂಗಜೇಬನ ವಶವಾದ ಮೇಲೆ ಆ ದರ್ಬಾರಿನ ಆಶ್ರಯ ಹೋಯಿತು. ಹಳ್ಳಿಗಳ ಆಶ್ರಯ ಹೋಗಲಿಲ್ಲ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಲಖನೌನಲ್ಲಿ ಆದದ್ದು ಬೇರೆ. ನವಾಬ ಆಸಫ್‌ಉದ್ದೌಲ 1775ರಲ್ಲಿ ರಾಜಧಾನಿಯನ್ನು ಫೈಜಾಬಾದಿನಿಂದ ಅಲ್ಲಿಗೆ ತಂದ. 1784ರ ಬರಗಾಲದಲ್ಲಿ ಜನರಿಗೆ ಕೂಲಿ ಸಿಗಲೆಂದು ಬಡಾ ಇಮಾಂಬಾಡಾದ ಕಟ್ಟಡವನ್ನು ಆರಂಭಿಸಿದ. ಇಂದು ಅಲ್ಲಿಗೆ ಹೋದವರು ಮೇಲಿನ ಭೂಲ್‌ಭುಲಯ್ಯಾದಲ್ಲಿ ದಾರಿ ತಪ್ಪಿಸಿಕೊಂಡು ನಕ್ಕು ಬರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕೆಳಗೆ, ಸುಮಾರು 50 ಮೀಟರ್ ಉದ್ದದ, ನಡುವೆ ಒಂದೇ ಒಂದು ಕಂಬವಿಲ್ಲದ ಆ ಹಜಾರ ಕಟ್ಟಿದ್ದು ಜನ ಒಟ್ಟಿಗೆ ಕುಳಿತು ಅಳಲಿಕ್ಕಾಗಿ ಎಂಬುದನ್ನು ಮರೆಯಬಾರದು. ಇಂಥ ಹಜಾರಗಳು, ಎರಡು ತಿಂಗಳು ಎಂಟು ದಿನ ನಡೆಯುವ ಶೋಕದ ಅವಧಿ, ಕಾವ್ಯವನ್ನು ಬಲ್ಲ ಕೇಳುಗರು, ಈ ಮೂರೂ ಕೂಡಿದ್ದರಿಂದ ಮರ್ಸಿಯಾ ಹಾಡುಗಬ್ಬದ ಅಳತೆಯನ್ನು ಬಿಟ್ಟು ಮಹಾಕಾವ್ಯದ ಅಳತೆಗೆ ಬೆಳೆಯಿತು.

ಅದು ಹಿಡಿದ ಛಂದಸ್ಸಿನ ರೂಪದ ಹೆಸರು ‘ಮುಸದ್ದಸ್’. ಆರು ಸಾಲಿನದು ಎಂದು ಅರ್ಥ. ನಮ್ಮ ಷಟ್ಪದಿ! ಸೌದಾನಂಥ ಕವಿಗಳು ಮೊದಲೇ ಬಳಸಿದ್ದ ಈ ರೂಪವನ್ನು ಮೀರ್ ಜಮೀರ್ ಮತ್ತು ಮೀರ್ ಖಲೀಕ್ ಅವರ ಪೀಳಿಗೆ ನೆಲೆಗೊಳಿಸಿತು. ಕಥೆ ಹೇಳಹೊರಟ ಎರಡು ಭಾಷೆಗಳು, ಒಂದನ್ನೊಂದು ನೋಡದೆ, ಆರು ಸಾಲಿನ ಪದ್ಯಕ್ಕೇ ಬಂದು ನಿಂತದ್ದು ನನಗೆ ಯಾವಾಗಲೂ ಸೋಜಿಗ. ಒಳಗಿನ ಕಟ್ಟು ಮಾತ್ರ ಬೇರೆ. ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಸಾಲುಗಳು ಉದ್ದವಾಗಿ, ಪದ್ಯ ಎರಡು ಅಲೆಗಳಾಗಿ ಸಾಗುತ್ತದೆ. ಮುಸದ್ದಸ್‌ನಲ್ಲಿ ಆರೂ ಸಾಲುಗಳು ಸಮ, ಆದರೆ ಮೊದಲ ನಾಲ್ಕಕ್ಕೆ ಒಂದೇ ಅಂತ್ಯಪ್ರಾಸ, ಕೊನೆಯ ಎರಡಕ್ಕೆ ಬೇರೊಂದು. ನಾಲ್ಕು ಸಾಲು ಮೆಟ್ಟಿಲಿನಂತೆ ಏರುತ್ತವೆ, ಐದನೆಯದರಲ್ಲಿ ಪ್ರಾಸ ಬದಲಾದೊಡನೆ ಕೇಳುಗ ನೆಟ್ಟಗಾಗುತ್ತಾನೆ, ಆರನೆಯದರಲ್ಲಿ ಏಟು ಬೀಳುತ್ತದೆ. ಸಭೆಯ ‘ವಾಹ್’ ಉದ್ಗಾರವೂ ಬಿಕ್ಕಳಿಕೆಯೂ ಒಡೆಯುವುದು ಆ ಆರನೆಯ ಸಾಲಿನ ತುದಿಯಲ್ಲಿ. ಇಂಥ ನೂರಕ್ಕೂ ಹೆಚ್ಚು ಪದ್ಯಗಳು ಒಂದೇ ಕುಳಿತಿನಲ್ಲಿ ಸಾಗಬೇಕು. ಪೀಠಿಕೆ, ವೀರನ ರೂಪವರ್ಣನೆ, ಮನೆಯವರಿಂದ ಬೀಳ್ಕೊಡುಗೆ, ರಣಪ್ರವೇಶ, ತನ್ನ ಕುಲವನ್ನು ಹೇಳಿಕೊಳ್ಳುವ ವೀರೋಕ್ತಿ, ಯುದ್ಧ, ಸಾವು, ಕೊನೆಗೆ ಹೆಂಗಸರ ಪ್ರಲಾಪ ಎಂಬ ದಾರಿಯನ್ನು ಈ ಕವಿಗಳು ಹಾಕಿಕೊಂಡರು. ಬೀಳ್ಕೊಡುಗೆಗೆ ‘ರುಖ್ಸತ್’, ಪ್ರಲಾಪಕ್ಕೆ ‘ಬೈನ್’ ಎನ್ನುತ್ತಾರೆ. ನನ್ನ ಅನಿಸಿಕೆಯಲ್ಲಿ ಮರ್ಸಿಯಾದ ಜೀವ ಇರುವುದು ಯುದ್ಧದಲ್ಲಲ್ಲ, ಈ ಎರಡರಲ್ಲಿ.

ಖಲೀಕರ ಮಗ ಮೀರ್ ಬಬರ್ ಅಲಿ ಅನೀಸ್. ಫೈಜಾಬಾದಿನಲ್ಲಿ ಹುಟ್ಟಿ ಲಖನೌನಲ್ಲಿ 1874ರಲ್ಲಿ ತೀರಿಕೊಂಡವರು. ಅಜ್ಜ ಮೀರ್ ಹಸನ್ ಕೂಡ ದೊಡ್ಡ ಕವಿ. ಅನೀಸರು ಮಿಂಬರಿನ ಮೇಲೆ ಕುಳಿತು ರಾಗವಿಲ್ಲದೆ, ಬರಿಯ ಮಾತಿನ ಏರಿಳಿತದಲ್ಲಿ, ಕಣ್ಣಿನ ಒಂದು ಚಲನೆಯಲ್ಲಿ, ತುಸುವೇ ಎತ್ತಿದ ಕೈಯಲ್ಲಿ ಕಥೆಯನ್ನು ಕಾಣಿಸುತ್ತಿದ್ದರು. ಅವರ ಅತಿ ಪ್ರಸಿದ್ಧ ಮರ್ಸಿಯಾ ‘ಸೂರ್ಯನು ಇರುಳಿನ ದಾರಿಯನ್ನು ಸವೆಸಿ ಬಂದಾಗ’ ಎಂಬರ್ಥದ ಸಾಲಿನಿಂದ ಆರಂಭವಾಗುತ್ತದೆ. ಅದು ಹತ್ತನೆಯ ದಿನದ ಬೆಳಗು. ಸಂಜೆಯೊಳಗೆ ಎಲ್ಲರೂ ಸಾಯಲಿದ್ದಾರೆ ಎಂಬುದು ಕೇಳುಗನಿಗೆ ಗೊತ್ತು. ಕವಿ ಆ ಬೆಳಗಿನ ತಂಗಾಳಿಯನ್ನು, ಹುಲ್ಲಿನ ಮೇಲಿನ ಇಬ್ಬನಿಯನ್ನು, ಹಕ್ಕಿಗಳ ದನಿಯನ್ನು ಪದ್ಯದ ಮೇಲೆ ಪದ್ಯ ಬರೆಯುತ್ತಾರೆ. ನೀರು ಸಿಗದ ಡೇರೆಗಳ ಸುತ್ತ ಇಬ್ಬನಿಯ ವರ್ಣನೆ!

ಅದೇ ಕಾವ್ಯದ ಇನ್ನೊಂದು ಸನ್ನಿವೇಶವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಂದಿನ ಸೈನ್ಯದ ಧ್ವಜವನ್ನು ಯಾರಿಗೆ ಕೊಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಝೈನಬಳ ಇಬ್ಬರು ಗಂಡುಮಕ್ಕಳು, ಔನ್ ಮತ್ತು ಮುಹಮ್ಮದ್, ಇನ್ನೂ ಎಳೆಯರು, ಧ್ವಜದ ಹತ್ತಿರ ಸುಳಿದಾಡುತ್ತ ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಿದ್ದಾರೆ. ತಾಯಿಯ ತಂದೆ ಅಲಿ ಧ್ವಜ ಹೊತ್ತವರು, ತಂದೆಯ ತಂದೆ ಜಾಫರ್ ಧ್ವಜ ಹೊತ್ತವರು, ಅಂದಮೇಲೆ ಹಕ್ಕು ತಮ್ಮದಲ್ಲವೇ ಎಂಬುದು ಮಕ್ಕಳ ಲೆಕ್ಕ. ಝೈನಬ್ ಅದನ್ನು ಕಂಡು ಅವರನ್ನು ಪಕ್ಕಕ್ಕೆ ಕರೆದು ಗದರಿಸುತ್ತಾಳೆ: ನಿಮ್ಮ ವಯಸ್ಸೆಷ್ಟು, ಅಳತೆ ಎಷ್ಟು, ಮಾವನ ಮುಂದೆ ಈ ಮಾತೆತ್ತಿದರೆ ನೋಡಿ ಎಂಬ ಧಾಟಿಯಲ್ಲಿ. ಆ ಗದರಿಕೆ ಅರಬ್ಬೀ ದೇಶದ ಏಳನೆಯ ಶತಮಾನದ ಹೆಣ್ಣಿನದಲ್ಲ. ಮರ್ಯಾದೆಯ ಮನೆತನದ ಲಖನೌ ತಾಯಿಯೊಬ್ಬಳು, ಮನೆಗೆ ನೆಂಟರು ಬಂದಾಗ, ಹಟ ಮಾಡುವ ಮಕ್ಕಳನ್ನು ಪರದೆಯ ಹಿಂದಕ್ಕೆ ಕರೆದು ತಗ್ಗಿದ ದನಿಯಲ್ಲಿ ಬೈಯುವ ಬೈಗುಳ ಅದು. ಕೇಳುಗರಿಗೆ ಮೊದಲು ನಗೆ ಬರುತ್ತದೆ. ಆಮೇಲೆ, ಧ್ವಜಕ್ಕಾಗಿ ಹಟ ಮಾಡಿದ ಈ ಮಕ್ಕಳನ್ನು ಇವಳೇ ಸ್ವಲ್ಪ ಹೊತ್ತಿಗೆ ರಣಕ್ಕೆ ಕಳುಹಿಸಬೇಕಾಗಿದೆ ಎಂಬುದು ನೆನಪಾಗುತ್ತದೆ. ಧ್ವಜ ಅಬ್ಬಾಸರಿಗೆ ಹೋಗುತ್ತದೆ.

ಅನೀಸರ ಮೇಲಿನ ಹಳೆಯ ಆಕ್ಷೇಪವೂ ಇದನ್ನೇ ಕುರಿತದ್ದು. ಅವರ ಅರಬರು ಅವಧದ ಕುಲೀನರಂತೆ ಮಾತನಾಡುತ್ತಾರೆ, ಅವರ ಹೆಂಗಸರು ಹಿಂದೂಸ್ತಾನದ ಹೆಂಗಸರಂತೆ ಅಳುತ್ತಾರೆ, ಇದು ಚರಿತ್ರೆಯಲ್ಲ ಎಂದು ವಿಮರ್ಶಕರು ಹೇಳಿದ್ದಾರೆ. ಹುಸೇನರ ಅಣ್ಣ ಹಸನರ ಮಗ ಕಾಸಿಮನ ಮದುವೆಯ ಪ್ರಸಂಗವನ್ನೇ ನೋಡಿ. ಅದರ ಚಾರಿತ್ರಿಕತೆಯನ್ನು ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಆದರೂ ಮೊಹರಂ ಏಳರಂದು ಅವನ ಹೆಸರಿನಲ್ಲಿ ಮೆಹಂದಿಯ ತಟ್ಟೆಗಳು ಹೊರಡುತ್ತವೆ, ಮದುಮಗನ ಮುಖಕ್ಕೆ ಕಟ್ಟುವ ಹೂವಿನ ಸೆಹ್ರಾ, ಒಡೆದ ಬಳೆ ಎಲ್ಲವೂ ಕಾವ್ಯದಲ್ಲಿ ಬರುತ್ತವೆ. ಆಕ್ಷೇಪ ಸುಳ್ಳಲ್ಲ, ಆದರೆ ಅದು ಕಾವ್ಯವನ್ನು ಕೇಳಬೇಕಾದ ಪ್ರಶ್ನೆ ಅಲ್ಲ ಎಂಬುದು ನನ್ನ ನಿಲುವು. ರಾಘವಾಂಕನ ಚಂದ್ರಮತಿ ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ತೊಡೆಯ ಮೇಲೆ ಹಾಕಿಕೊಂಡು ಅಳುವುದು ಕಾಶಿಯಲ್ಲಿ, ಆದರೆ ಅವಳು ಅಳುವುದು ಕನ್ನಡದ ತಾಯಿಯಾಗಿ. ಹಾಗೆ ಅಳದಿದ್ದರೆ ಎಂಟು ನೂರು ವರ್ಷ ನಾವು ಅವಳ ಜೊತೆ ಅಳುತ್ತಿರಲಿಲ್ಲ. ಝೈನಬಳ ಬೈನ್ ಓದಿದಾಗಲೆಲ್ಲ ನನಗೆ ಚಂದ್ರಮತಿಯ ದನಿ ಕೇಳಿಸುತ್ತದೆ.

ಅನೀಸರ ಸಮಕಾಲೀನರು ಮಿರ್ಜಾ ಸಲಾಮತ್ ಅಲಿ ದಬೀರ್. ‘ಯಾವ ಸಿಂಹ ಬರುತ್ತಿದೆ, ರಣವೇ ನಡುಗುತ್ತಿದೆ’ ಎಂದು ಆರಂಭವಾಗುವ ಅವರ ಮರ್ಸಿಯಾ ಇಂದಿಗೂ ಜನರ ಬಾಯಲ್ಲಿದೆ. ಗಂಭೀರವಾದ ಅರಬ್ಬೀ ಪಾರಸಿ ಪದಗಳು, ಕಲ್ಪನೆಯ ಎತ್ತರ ಅವರ ಬಲ. ಲಖನೌ ಅನೀಸಿಗಳು, ದಬೀರಿಗಳು ಎಂದು ಎರಡು ಪಕ್ಷವಾಯಿತು, ಶಿಬ್ಲಿ ನೋಮಾನಿ 1907ರಲ್ಲಿ ಇಬ್ಬರನ್ನೂ ತೂಗಿ ಒಂದು ಗ್ರಂಥವನ್ನೇ ಬರೆದು ಅನೀಸರ ಕಡೆಗೆ ತಕ್ಕಡಿ ವಾಲಿಸಿದರು. ಸ್ವತಃ ಗಾಲಿಬ್ ಒಮ್ಮೆ ಮರ್ಸಿಯಾ ಬರೆಯಲು ಕುಳಿತು, ಮೂರು ಪದ್ಯಗಳಿಗೆ ನಿಲ್ಲಿಸಿ, ಇದು ತನ್ನ ದಾರಿಯಲ್ಲವೆಂದು ಎದ್ದರಂತೆ. ಪಕ್ಷದವರು ಜಗಳವಾಡಿದರೂ ಕವಿಗಳಿಬ್ಬರು ಒಬ್ಬರನ್ನೊಬ್ಬರು ಗೌರವಿಸಿದರು. ಅನೀಸರು ಹೋದಾಗ ಅಕ್ಷರಗಳನ್ನು ಕೂಡಿದರೆ ಸಾವಿನ ವರ್ಷ ಬರುವಂಥ ಪದ್ಯವನ್ನು ದಬೀರರೇ ಬರೆದರು: ಮೂಸಾ ಇಲ್ಲದ ಸಿನಾಯ್ ಬೆಟ್ಟ, ಅನೀಸ್ ಇಲ್ಲದ ಮಿಂಬರ್. ಕೆಲವೇ ತಿಂಗಳಲ್ಲಿ, 1875ರಲ್ಲಿ, ಅವರೂ ಹೋದರು.

ಇನ್ನು ನೌಹಾ. ಮರ್ಸಿಯಾ ಕುಳಿತು ಕೇಳುವುದು, ನೌಹಾ ಎದ್ದು ನಿಂತು ಮಾಡುವುದು. ಮಜ್ಲಿಸ್ ಮುಗಿಯುವ ಹೊತ್ತಿಗೆ ಸಭೆ ಏಳುತ್ತದೆ, ಒಬ್ಬರು ಪಲ್ಲವಿ ಎತ್ತುತ್ತಾರೆ, ಉಳಿದವರು ದನಿಗೂಡಿಸುತ್ತ ಎದೆಗೆ ಬಡಿದುಕೊಳ್ಳುತ್ತಾರೆ. ಅದು ಮಾತಂ. ವಾದ್ಯ ಬೇಡವೆಂದ ಸಂಪ್ರದಾಯದಲ್ಲಿ ಮನುಷ್ಯನ ಎದೆಯೇ ತಾಳವಾಯಿತು. ಆದ್ದರಿಂದಲೇ ನೌಹಾದ ಸಾಲುಗಳು ಚಿಕ್ಕವು, ಮರುಕಳಿಸುವಂಥವು. ಲಖನೌನ ಕಾಯಸ್ಥ ಕುಟುಂಬದಲ್ಲಿ ಹುಟ್ಟಿದ ಛನ್ನೂಲಾಲ್ ದಿಲ್‌ಗೀರ್ ಬರೆದ ಒಂದು ರಚನೆಯಲ್ಲಿ, ಮನೆಗೆ ಮರಳಿದ ಮೇಲೆ ಅಣ್ಣನನ್ನು ಎಲ್ಲಿ ಕಂಡಾಳು ಝೈನಬ್ ಎಂಬ ಅಳಲಿದೆ. ಇಪ್ಪತ್ತನೆಯ ಶತಮಾನದಲ್ಲಿ ನಾಸಿರ್ ಜಹಾನ್ ಅದನ್ನು ಪಾಕಿಸ್ತಾನದ ರೇಡಿಯೊದಲ್ಲಿ ಓದಿದ ಮೇಲೆ ಅದು ಹತ್ತನೆಯ ದಿನದ ಸಂಜೆಯ ದನಿಯೇ ಆಗಿಹೋಯಿತು. ದೀಪ ಆರಿಸಿ ಕುಳಿತ ಮನೆಗಳಲ್ಲಿ ಅದನ್ನು ಕೇಳುತ್ತಾರೆ.

ಕ್ಯಾಸೆಟ್ಟುಗಳು ಬಂದ ಮೇಲೆ ನೌಹಾ ಬಹಳ ಬದಲಾಯಿತು. ಈಗ ಪ್ರತಿ ಮೊಹರಂಗೂ ಹೊಸ ಧ್ವನಿಮುದ್ರಿಕೆಗಳು, ವಿಡಿಯೊಗಳು ಬರುತ್ತವೆ. ಧಾಟಿಗಳು ಸಿನಿಮಾ ಹಾಡಿನ ಹತ್ತಿರ ಸರಿಯುತ್ತಿವೆಯೆಂದು ಹಿರಿಯರು ನೊಂದುಕೊಳ್ಳುತ್ತಾರೆ. ಅವರ ನೋವನ್ನು ನಾನು ಒಪ್ಪುತ್ತೇನೆ, ಏಕೆಂದರೆ ಧಾಟಿ ಮುಂದೆ ಬಂದಾಗ ‘ಓದು’ ಎಂಬ ಕ್ರಿಯಾಪದ ಹಿಂದೆ ಸರಿಯುತ್ತದೆ. ಆದರೆ ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದಾಗಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಅಲಿ ಸರ್ದಾರ್ ಜಾಫ್ರಿ ಹುಡುಗನಾಗಿದ್ದಾಗ ಅನೀಸರ ಗುಂಗಿನಲ್ಲಿ ಮರ್ಸಿಯಾ ಬರೆಯುತ್ತಲೇ ಕವಿಯಾದರು. ಸಿನಿಮಾಗಳಿಗೆ ಅಷ್ಟೊಂದು ಗೀತೆಗಳನ್ನು ಕೊಟ್ಟ ಕೈಫಿ ಆಜ್ಮಿ ಶಿಯಾ ಮನೆಯಲ್ಲಿ ಹುಟ್ಟಿ ಲಖನೌನ ಮದರಸಾದಲ್ಲಿ ಓದಿದವರು. ಜೋಶ್ ಮಲೀಹಾಬಾದಿ 1941ರಲ್ಲಿ ಮುಸದ್ದಸ್ ರೂಪದಲ್ಲೇ ಹುಸೇನರನ್ನು ಕ್ರಾಂತಿಯ ಜೊತೆ ನಿಲ್ಲಿಸಿ ಬರೆದರು. ಅನ್ಯಾಯದ ಎದುರು ಸೋತು ಗೆದ್ದವನ ಚಿತ್ರ ಉರ್ದು ಪ್ರಗತಿಶೀಲ ಕಾವ್ಯಕ್ಕೆ ಮಿಂಬರಿನಿಂದ ಇಳಿದು ಬಂತು.

ನಮ್ಮ ನಾಡಿಗೆ ಮರಳಿ ಬರುತ್ತೇನೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಶಿಯಾ ಜನರೇ ಹೆಚ್ಚು. ಅಲ್ಲಿ ಮೊಹರಂ ಎಂದರೆ ಉರ್ದು ಮಜ್ಲಿಸ್, ನೌಹಾ, ಮಾತಂ. ಬೆಂಗಳೂರಿಗೆ ಶಿರಾಜಿನಿಂದ ಕುದುರೆ ವ್ಯಾಪಾರಕ್ಕೆ ಬಂದು ನೆಲೆನಿಂತ ಆಗಾ ಅಲಿ ಅಸ್ಕರ್ ಅವರ ಮೊಮ್ಮಗನೇ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಇವು ಶೋಕವನ್ನು ಶೋಕವಾಗಿಯೇ ಉಳಿಸಿಕೊಂಡ ನೆಲೆಗಳು. ಹಳ್ಳಿಗಳ ಅಲಾವಿ ಹಬ್ಬ ಬೇರೆ. ಅಲ್ಲಿ ಹುಲಿವೇಷವಿದೆ, ಹೆಜ್ಜೆಮೇಳವಿದೆ, ಹರಕೆಯಿದೆ, ಎಲ್ಲ ಜಾತಿಯವರೂ ಇದ್ದಾರೆ, ಮುದಗಲ್ಲಿನಂಥ ಊರುಗಳಲ್ಲಿ ಜನಸಾಗರವೇ ಸೇರುತ್ತದೆ. ಎರಡನ್ನೂ ಒಂದೇ ಎಂದು ಹೇಳಿದರೆ ಎರಡಕ್ಕೂ ಅನ್ಯಾಯ ಮಾಡಿದಂತೆ. ಆದರೆ ಹೆಜ್ಜೆಯ ಸಂಭ್ರಮವನ್ನು ಸರಿಸಿ, ಹಾಡಿನ ಮಾತಿಗೆ ಕಿವಿಗೊಟ್ಟರೆ ಅಲ್ಲಿ ಕರ್ಬಲಾ ಇದೆ. ಆ ಹಾಡುಗಳಿಗೆ ‘ರಿವಾಯತ್’ ಎಂದು ಹೆಸರು, ನಿರೂಪಣೆ ಎಂದು ಅದರ ಅರಬ್ಬೀ ಅರ್ಥ. ಶಿಶುನಾಳ ಶರೀಫರು ರಿವಾಯತ್ ಪದಗಳನ್ನು ಕಟ್ಟಿದ್ದಾರೆ. ಹೆಸರು ತಿಳಿಯದ ಎಷ್ಟೋ ಹಳ್ಳಿಯ ಕವಿಗಳು ಅಸನ ಉಸೇನರನ್ನು ತಮ್ಮ ಮನೆಯ ಹುಡುಗರೆಂಬಂತೆ ಕರೆದು ಅತ್ತಿದ್ದಾರೆ.

ನಮ್ಮ ಅಜ್ಜಿಗೆ ಉರ್ದು ಬರುತ್ತಿರಲಿಲ್ಲ, ಅನೀಸರ ಹೆಸರನ್ನು ಅವಳು ಕೇಳಿರಲಿಲ್ಲ. ಆದರೆ ಕತ್ತಲ ರಾತ್ರಿಯ ಮರುದಿನ ಬೆಳಗಾಗುತ್ತಲೇ ಬೆಲ್ಲದ ಪಾನಕವನ್ನು ಕೊಡದ ತುಂಬ ಕದಡಿಟ್ಟುಕೊಂಡು, ಪೀರು ಹೊಳೆಗೆ ಹೋಗುವ ದಾರಿಯಲ್ಲಿ ಕುಳಿತುಕೊಳ್ಳುತ್ತಿದ್ದಳು. ದೊಡ್ಡವರು ಮುಂದೆ ಬಂದರೆ ತಡೆಯುತ್ತಿದ್ದಳು. ‘ಮೊದಲ ಹುಡುಗ್ರು ಕುಡೀಲಿ, ಅಲ್ಲಿ ಕೂಸುಗೋಳಿಗೆ ನೀರು ಸಿಕ್ಕಿದ್ದಿಲ್ಲ’ ಎನ್ನುತ್ತಿದ್ದಳು.